ಡ್ರೋನ್ ಕಲಿಯಲು ತಿಂಗಳುಗಳು ಸಾಕಾದವು, ಕೋರ್ ಕಟ್ಟಲು ಮೂರು ವರ್ಷ ಬೇಕಾಯ್ತು

2024ರ ಡಿಸೆಂಬರಿನಲ್ಲಿ ಉಕ್ರೇನ್ ಸೇನೆಯಿಂದ ಎರಡು ಸುದ್ದಿ ಹೊರಬಂದವು. ಎರಡನ್ನೂ ಒಟ್ಟಿಗೆ ಓದಿದವರಿಗೆ ಇದು ಒಂದೇ ಸೇನೆಯಾ ಅಂತ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ.

ಮೊದಲನೆಯದು ಖಾರ್ಕಿವ್ ಪ್ರಾಂತ್ಯದ ಲಿಪ್ಟ್ಸಿ ಎಂಬ ಊರಿನದು. ಖಾರ್ತಿಯಾ ಬ್ರಿಗೇಡ್ (ಬ್ರಿಗೇಡ್ ಅಂದರೆ ಕೆಲವು ಸಾವಿರ ಸೈನಿಕರ ಪಡೆ) ಅಲ್ಲಿ ರಷ್ಯನ್ ನೆಲೆಗಳ ಮೇಲೆ ದಾಳಿ ಮಾಡಿತು. ಮುಂದೆ ನುಗ್ಗಿದ್ದು ಬರೀ ಯಂತ್ರಗಳು. ಮೆಷಿನ್ ಗನ್ ಹೊತ್ತ ರೋಬೋಟ್ ಬಂಡಿಗಳು, ನೆಲಬಾಂಬ್ ಹೂಳುವ ಮತ್ತು ತೆಗೆಯುವ ಬಂಡಿಗಳು, ಮೇಲೆ ಡ್ರೋನ್‌ಗಳು. ಅವನ್ನು ನಡೆಸುತ್ತಿದ್ದವರೆಲ್ಲ ಹಿಂದೆ ಎಲ್ಲೋ ಪರದೆ ಮುಂದೆ ಕುಳಿತಿದ್ದರು. ಕಾಲಾಳು ಇಲ್ಲದೆ ನಡೆಸಿದ ದಾಳಿ ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಎರಡನೆಯದು ವರ್ಷ ಮುಗಿಯುವ ಹೊತ್ತಿಗೆ ಬಂತು. ಪತ್ರಕರ್ತ ಯೂರಿ ಬುತುಸೊವ್ 155ನೇ ಬ್ರಿಗೇಡಿನ ಕಥೆ ಬಯಲಿಗೆ ತಂದರು. ಈ ಬ್ರಿಗೇಡಿಗೆ ಕೀವಿನ ಆನಾ ಎಂಬ ಹೆಸರು. 11ನೇ ಶತಮಾನದಲ್ಲಿ ಫ್ರಾನ್ಸಿನ ರಾಣಿಯಾದ ಕೀವ್ ರಾಜಕುಮಾರಿಯ ಹೆಸರದು. ಫ್ರಾನ್ಸ್ ಇದಕ್ಕೆ ತರಬೇತಿ ಕೊಟ್ಟಿತ್ತು. ಸೀಸರ್ ಫಿರಂಗಿ, ಶಸ್ತ್ರಸಜ್ಜಿತ ವಾಹನ ಎಲ್ಲ ಕೊಟ್ಟಿತ್ತು. ಅಧ್ಯಕ್ಷ ಮ್ಯಾಕ್ರನ್ ಶಿಬಿರಕ್ಕೇ ಹೋಗಿ ಸೈನಿಕರನ್ನು ಮಾತಾಡಿಸಿ ಬಂದಿದ್ದರು. ಆದರೆ ಈ ಬ್ರಿಗೇಡ್ ಪೊಕ್ರೊವ್ಸ್ಕ್ ಬಳಿ ಮುಂಚೂಣಿಗೆ ಇಳಿಯುವ ಮೊದಲೇ ಸುಮಾರು 1,700 ಜನ ಹೇಳದೆ ಕೇಳದೆ ಹೋಗಿಬಿಟ್ಟಿದ್ದರು ಎಂದು ಬುತುಸೊವ್ ಬರೆದರು. ಅವರಲ್ಲಿ ಸುಮಾರು 50 ಜನ ಫ್ರಾನ್ಸಿನಲ್ಲಿದ್ದಾಗಲೇ ಕಾಣೆಯಾಗಿದ್ದರು. ಬ್ರಿಗೇಡಿನ ಹತ್ತಿರ ಸಾಕಷ್ಟು ಡ್ರೋನ್‌ಗಳೂ ಇರಲಿಲ್ಲ. ಡ್ರೋನ್ ಯುದ್ಧದಲ್ಲಿ ಜಗತ್ತಿಗೇ ಪಾಠ ಹೇಳುತ್ತಿದ್ದ ಸೇನೆ, ತನ್ನದೇ ಹೊಸ ಬ್ರಿಗೇಡನ್ನು ಸಾಕಷ್ಟು ಡ್ರೋನ್ ಕೊಡದೆ ಕಳಿಸಿತ್ತು! ತನಿಖೆ ಶುರುವಾಯಿತು. ಸಮಸ್ಯೆ ಇರುವುದು ನಿಜ ಎಂದು ಭೂಸೇನೆಯ ಆಗಿನ ಮುಖ್ಯಸ್ಥ ಮಿಖೈಲೊ ದ್ರಪಾಟಿ ಒಪ್ಪಿಕೊಂಡರು.

ಉಕ್ರೇನ್ ಸೇನೆ ಕಲಿಯುತ್ತಿದೆಯೇ ಇಲ್ಲವೇ ಎಂದು ವಾದ ಮಾಡುವವರು ಈ ಎರಡರಲ್ಲಿ ತಮಗೆ ಬೇಕಾದ ಒಂದನ್ನು ಹಿಡಿದುಕೊಂಡು ಕೂರುತ್ತಾರೆ. ನನಗೆ ಕಾಣುವುದು ಬೇರೆ. ಈ ಸೇನೆ ಎರಡು ವೇಗದಲ್ಲಿ ಕಲಿಯುತ್ತಿದೆ. ಯಾರ ಹುದ್ದೆಗೂ, ಅಧಿಕಾರಕ್ಕೂ ಧಕ್ಕೆ ತರದ ವಿಷಯಗಳನ್ನು ಅದು ವಾರಗಳಲ್ಲಿ ಕಲಿತಿದೆ. ಯಾರು ಯಾರಿಗೆ ಆದೇಶ ಕೊಡಬೇಕು, ಸೈನಿಕನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬಂಥ ವಿಷಯಗಳಿಗೆ ವರ್ಷಗಳು ಹಿಡಿದಿವೆ.

ಬೇಗ ಕಲಿತದ್ದನ್ನು ಮೊದಲು ನೋಡೋಣ. 2023–24ರ ಚಳಿಗಾಲದಲ್ಲಿ ಉಕ್ರೇನಿಗೆ ಶೆಲ್‌ಗಳ ಬರ. ಅಮೆರಿಕದ ಸುಮಾರು 61 ಬಿಲಿಯನ್ ಡಾಲರ್ ನೆರವು ಅಲ್ಲಿನ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡು 2024ರ ಏಪ್ರಿಲಿನಲ್ಲಷ್ಟೇ ಪಾಸಾಯಿತು. ಅಷ್ಟರಲ್ಲಿ ಪೂರ್ವದ ಅವ್ದಿವ್ಕಾ ಪಟ್ಟಣ ರಷ್ಯಾದ ಪಾಲಾಗಿತ್ತು. ಫಿರಂಗಿ ಬಾಯಿ ಮುಚ್ಚಿದಾಗ ಆ ಜಾಗ ತುಂಬಿದ್ದು ಎಫ್‌ಪಿವಿ ಡ್ರೋನ್. ರೇಸಿಂಗ್ ಡ್ರೋನಿಗೆ ಸಿಡಿತಲೆ ಕಟ್ಟಿ, ಕಣ್ಣಿಗೆ ಗಾಗಲ್ ಹಾಕಿಕೊಂಡು ಗುರಿಯವರೆಗೆ ಹಾರಿಸುವ ಉಪಾಯ. ಒಂದಕ್ಕೆ ಕೆಲವು ನೂರು ಡಾಲರ್ ಅಷ್ಟೇ. ಸೇನೆಯ ಯಾವ ಜನರಲ್ ಕೂಡ ಇದಕ್ಕೆ ಯೋಜನೆ ಹಾಕಿರಲಿಲ್ಲ. ಸ್ವಯಂಸೇವಕರು ಚಂದಾ ಎತ್ತಿದರು. ಬ್ರಿಗೇಡುಗಳು ನೆಲಮಾಳಿಗೆಗಳಲ್ಲಿ ಸ್ವಂತ ವರ್ಕ್‌ಶಾಪ್ ತೆರೆದವು.

ಆ ವರ್ಕ್‌ಶಾಪಿನ ಕೆಲಸ ಹೇಗೆ ಗೊತ್ತಾ? ಕಾರ್ಖಾನೆಯಿಂದ ಬಂದ ಡ್ರೋನನ್ನು ಹಾಗೇ ಹಾರಿಸುವುದು ಕಡಿಮೆ. ಎದುರಿನವರು ಯಾವ ಫ್ರೀಕ್ವೆನ್ಸಿಯನ್ನು ಜಾಮ್ ಮಾಡುತ್ತಿದ್ದಾರೆ ಎಂದು ಹಿಂದಿನ ದಿನ ಹಾರಿಸಿದ ಪೈಲಟ್ ಬಂದು ಹೇಳುತ್ತಾನೆ. ಬೆಸುಗೆ ಕಡ್ಡಿ ಹಿಡಿದು ಕೂತವನು ರೇಡಿಯೊ, ಆಂಟೆನಾ ಬಿಚ್ಚಿ ಬೇರೆಯದನ್ನು ಕೂರಿಸುತ್ತಾನೆ. ಮರುದಿನ ಅದು ಹಾರುತ್ತದೆ. ಬಿದ್ದರೆ ಯಾಕೆ ಬಿತ್ತು ಎಂದು ಸಂಜೆ ಮತ್ತೆ ಮಾತು. ಅರ್ಜಿ ಇಲ್ಲ, ಸಮಿತಿ ಇಲ್ಲ, ಟೆಂಡರ್ ಇಲ್ಲ. ಶತ್ರುವಿನ ಜಾಮರ್ ಬದಲಾದರೆ ವಾರದೊಳಗೆ ಉತ್ತರ ಸಿಗುತ್ತದೆ. ಇದಕ್ಕೆ ಹೋಲಿಸಿ ನೋಡಿ: ಜಿಪಿಎಸ್ ನಂಬಿಕೊಂಡ ಅಮೆರಿಕದ ದುಬಾರಿ ಎಕ್ಸ್‌ಕ್ಯಾಲಿಬರ್ ಶೆಲ್ ರಷ್ಯನ್ ಜಾಮಿಂಗ್‌ಗೆ ಸಿಕ್ಕಿ ಗುರಿ ತಪ್ಪತೊಡಗಿದಾಗ, ಅದನ್ನು ಮುಂಚೂಣಿಯಲ್ಲಿ ಕೂತು ಬಿಚ್ಚಿ ಸರಿಮಾಡಲು ಯಾರಿಗೂ ಆಗುತ್ತಿರಲಿಲ್ಲ.

ಸರ್ಕಾರ ಇಲ್ಲಿ ಒಂದು ಜಾಣತನ ಮಾಡಿತು. ಕೆಳಗಿನವರು ಕಲಿತದ್ದನ್ನು ತಡೆಯಲಿಲ್ಲ, ಅದಕ್ಕೊಂದು ಲೆಕ್ಕಪುಸ್ತಕ ಇಟ್ಟಿತು. ಡ್ರೋನ್ ತುಕಡಿ ಗುರಿ ಹೊಡೆದ ವಿಡಿಯೊ ಕಳಿಸಿದರೆ ಪರಿಶೀಲಿಸಿ ಪಾಯಿಂಟ್ ಕೊಡುತ್ತಾರೆ. 2025ರಲ್ಲಿ ಟ್ಯಾಂಕ್ ನಾಶ ಮಾಡಿದರೆ 40 ಇತ್ತು. ಆ ಪಾಯಿಂಟ್ ಕೊಟ್ಟು ಬ್ರೇವ್1 ಮಾರ್ಕೆಟ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ತುಕಡಿ ತನಗೆ ಬೇಕಾದ ಡ್ರೋನನ್ನು ತಾನೇ ಆರಿಸಿಕೊಳ್ಳಬಹುದು. ರಷ್ಯನ್ನರು ಟ್ಯಾಂಕ್ ಕಳಿಸುವುದನ್ನು ಕಡಿಮೆ ಮಾಡಿ, ಇಬ್ಬರು ಮೂವರ ಗುಂಪುಗಳಲ್ಲಿ ಕಾಲಾಳುಗಳನ್ನು ನುಗ್ಗಿಸತೊಡಗಿದಾಗ, ಒಬ್ಬ ಸೈನಿಕನಿಗೆ 2 ಇದ್ದ ಪಾಯಿಂಟನ್ನು 6ಕ್ಕೆ ಏರಿಸಿದರು. ಓದುವಾಗ ಮೈ ಜುಮ್ಮೆನ್ನುತ್ತದೆ, ವಿಡಿಯೊ ಗೇಮಿನ ಹಾಗೆ ಮನುಷ್ಯನ ಜೀವಕ್ಕೆ ಅಂಕ. ಆದರೆ ಸೇನಾ ಆಡಳಿತದ ಕಣ್ಣಿನಿಂದ ನೋಡಿದರೆ ಚುರುಕಾದ ವ್ಯವಸ್ಥೆ. ಯಾವ ಡ್ರೋನ್ ಕೆಲಸ ಮಾಡುತ್ತದೆ ಎಂದು ಕೀವಿನ ಕಚೇರಿ ಊಹಿಸಬೇಕಿಲ್ಲ. ಮುಂಚೂಣಿಯವರು ಯಾವುದನ್ನು ಕೊಳ್ಳುತ್ತಾರೋ ಅದೇ ಉತ್ತರ. ಇದರ ತೊಂದರೆಯೂ ಇದೆ. ಮೊದಲೇ ಚೆನ್ನಾಗಿರುವ ತುಕಡಿಗೆ ಜಾಸ್ತಿ ಪಾಯಿಂಟ್, ಜಾಸ್ತಿ ಡ್ರೋನ್. ಸೊರಗಿದ ತುಕಡಿ ಸೊರಗುತ್ತಲೇ ಹೋಗುತ್ತದೆ.

ಇನ್ನು ನಿಧಾನದ ಕಲಿಕೆ. ಇದಕ್ಕೆ 2023ರ ಬೇಸಿಗೆಗೆ ಹೋಗಬೇಕು. ಆ ವರ್ಷದ ದೊಡ್ಡ ಪ್ರತಿದಾಳಿಗೆಂದು ಪಶ್ಚಿಮದ ದೇಶಗಳ ಶಸ್ತ್ರ ಮತ್ತು ತರಬೇತಿಯಲ್ಲಿ ಒಂಬತ್ತು ಹೊಸ ಬ್ರಿಗೇಡ್ ಕಟ್ಟಿದರು. ಜೂನ್ ಆರಂಭದಲ್ಲಿ 47ನೇ ಬ್ರಿಗೇಡ್ ಲೆಪರ್ಡ್ ಟ್ಯಾಂಕ್, ಬ್ರಾಡ್ಲಿ ವಾಹನಗಳ ಸಾಲು ಕಟ್ಟಿಕೊಂಡು ಒರಿಖಿವ್ ಪಟ್ಟಣದ ದಕ್ಷಿಣಕ್ಕೆ ನುಗ್ಗಿತು. ಮಾಲಾ ತೊಕ್ಮಾಚ್ಕಾ ಬಳಿಯ ನೆಲಬಾಂಬ್ ಹೊಲದಲ್ಲಿ ಸಾಲು ನಿಂತುಬಿಟ್ಟಿತು. ಹಿಂದೆ ಸರಿಯಲು ಹೋದರೆ ಹೆಲಿಕಾಪ್ಟರ್, ಫಿರಂಗಿ. ಬ್ರಿಗೇಡಿನಲ್ಲಿ ಯುದ್ಧ ನೋಡಿದವರೇ ಕಡಿಮೆ. ಯುದ್ಧದಲ್ಲಿ ಪಳಗಿದ ಹಲವು ಬ್ರಿಗೇಡುಗಳು ಆಗ ಪೂರ್ವದ ಬಾಖ್ಮುತ್ ನಗರದ ಸುತ್ತ ಸಿಕ್ಕಿಹಾಕಿಕೊಂಡಿದ್ದವು.

ಕೆಳಗಿನವರು ಇಲ್ಲೂ ಬೇಗ ಕಲಿತರು. ಕೆಲವೇ ವಾರಗಳಲ್ಲಿ ವಾಹನದ ಸಾಲು ಬಿಟ್ಟು, ಸಣ್ಣ ಗುಂಪುಗಳಲ್ಲಿ ಕಾಲ್ನಡಿಗೆಯಲ್ಲಿ, ಒಂದು ಮರಗಳ ಸಾಲಿನಿಂದ ಇನ್ನೊಂದಕ್ಕೆ ಮುಂದುವರಿಯತೊಡಗಿದರು. ಆಗಸ್ಟ್ ಕೊನೆಗೆ ರೊಬೊಟಿನೆ ಎಂಬ ಹಳ್ಳಿ ಸಿಕ್ಕಿತು. ಅದರಾಚೆಯ ತೊಕ್ಮಾಕ್ ಪಟ್ಟಣ ಸಿಗಲಿಲ್ಲ. ಆಗಿನ ಸೇನಾ ಮುಖ್ಯಸ್ಥ ವಲೇರಿ ಝಲುಝ್ನಿ ನವೆಂಬರಿನಲ್ಲಿ ಯುದ್ಧ ಹೆಜ್ಜೆ ಕೀಳದ ಸ್ಥಿತಿಗೆ ಬಂದಿದೆ ಎಂದು ಬಹಿರಂಗವಾಗಿಯೇ ಬರೆದರು. 2024ರ ಫೆಬ್ರವರಿಯಲ್ಲಿ ಅವರ ಜಾಗಕ್ಕೆ ಒಲೆಕ್ಸಾಂಡರ್ ಸಿರ್ಸ್ಕಿ ಬಂದರು.

ಈ ಸೋಲಿನಿಂದ ಮೇಲಿನವರು ಕಲಿಯಬೇಕಿದ್ದ ಪಾಠ ಸರಳ. ಹೊಸಬರನ್ನೇ ಸೇರಿಸಿ ಹೊಸ ಬ್ರಿಗೇಡ್ ಕಟ್ಟಬೇಡಿ, ಹಳೆಯ ಬ್ರಿಗೇಡುಗಳಿಗೆ ತುಂಬಿಸಿ. ಹಳೆಯ ಬ್ರಿಗೇಡಿನಲ್ಲಿ ಸಾರ್ಜೆಂಟ್ ಇರುತ್ತಾನೆ, ಡ್ರೋನ್ ತಂಡ ಇರುತ್ತದೆ, ಗಾಯಾಳುವನ್ನು ಯಾವ ದಾರಿಯಲ್ಲಿ ಹೊರತರಬೇಕು ಎಂದು ಗೊತ್ತಿರುವವರು ಇರುತ್ತಾರೆ. ಹೊಸಬ ಅವರ ನಡುವೆ ಬದುಕುವುದನ್ನು ಕಲಿಯುತ್ತಾನೆ. ಆದರೂ 2024ರಲ್ಲಿ 150ರಿಂದ ಶುರುವಾಗುವ ನಂಬರಿನ ಹೊಸ ಬ್ರಿಗೇಡುಗಳು ಹುಟ್ಟುತ್ತಲೇ ಹೋದವು. ಅತ್ತ ಹಳೆಯ ಬ್ರಿಗೇಡುಗಳಲ್ಲಿ ಕಾಲಾಳು ಕಂಪನಿಗಳು ಖಾಲಿಯಾಗುತ್ತಿದ್ದವು. ಹೊಸ ಬ್ರಿಗೇಡೆಂದರೆ ಮಿತ್ರದೇಶಗಳಿಂದ ಶಸ್ತ್ರ ಕೇಳಲು ಒಂದು ನೆಪ, ಕಾಗದದ ಮೇಲೆ ಮೀಸಲು ಪಡೆ, ಸಮಾರಂಭಕ್ಕೆ ಒಂದು ಬಾವುಟ. 155ನೇ ಬ್ರಿಗೇಡ್ ಆ ಸಾಲಿನದೇ. ಅದು ತರಬೇತಿ ಪಡೆಯುತ್ತಿದ್ದಾಗಲೇ ಅದರ ಜನರನ್ನು ಕಿತ್ತು ಬೇರೆ ಬ್ರಿಗೇಡುಗಳ ತೂತು ಮುಚ್ಚಲು ಕಳಿಸಿದ್ದರು. ಹೀಗೆ ಮಾಡಿದ ಮೇಲೆ ಜನ ಓಡಿಹೋಗದೆ ಇನ್ನೇನು ಮಾಡಿಯಾರು?

ಬ್ರಿಗೇಡಿನ ಮೇಲಿನ ಹಂತ ಇನ್ನೂ ದೊಡ್ಡ ತಲೆನೋವು. ಉಕ್ರೇನಿನಲ್ಲಿ ನೂರಕ್ಕೂ ಹೆಚ್ಚು ಬ್ರಿಗೇಡುಗಳಿವೆ, ಮುಂಚೂಣಿ ಸಾವಿರ ಕಿಲೋಮೀಟರಿಗೂ ಉದ್ದ. ಬ್ರಿಗೇಡುಗಳನ್ನು ನಡೆಸುತ್ತಿದ್ದದ್ದು ಆಯಾ ಪ್ರದೇಶಕ್ಕೆಂದು ತಾತ್ಕಾಲಿಕವಾಗಿ ಕಟ್ಟಿದ ಕಮಾಂಡ್‌ಗಳು. ಇವತ್ತು ಇಲ್ಲಿದ್ದ ಬ್ರಿಗೇಡ್ ನಾಳೆ ಇನ್ನೊಬ್ಬರ ಕೈಗೆ. ಅದಕ್ಕಿಂತ ಕೆಟ್ಟದ್ದು ಎರವಲು ಪದ್ಧತಿ. ಒಂದು ಬ್ರಿಗೇಡಿನಿಂದ ಒಂದು ಬೆಟಾಲಿಯನ್ ಕಿತ್ತು ಬೇರೆ ಬ್ರಿಗೇಡಿಗೆ ಕೊಡುವುದು. ಎರವಲು ಬಂದ ಜನರನ್ನು ಅಲ್ಲಿನ ಕಮಾಂಡರ್ ಎಲ್ಲಿಗೆ ಮೊದಲು ಕಳಿಸುತ್ತಾನೆ ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ತನ್ನವರನ್ನು ಉಳಿಸಿಕೊಂಡು ಬೇರೆಯವರನ್ನು ಮುಂದಕ್ಕೆ ದೂಡುತ್ತಾನೆ. ಅವರಿಗೆ ಡ್ರೋನ್ ಇಲ್ಲ, ಊಟ ನೀರು ಸಾಗಿಸುವವರಿಲ್ಲ, ಸತ್ತರೆ ಲೆಕ್ಕ ಕೇಳುವವರಿಲ್ಲ. ಎರಡು ಬ್ರಿಗೇಡುಗಳ ನಡುವಿನ ಗಡಿ ಯಾರದೂ ಅಲ್ಲ. ರಷ್ಯನ್ನರು ಹುಡುಕಿ ನುಗ್ಗುತ್ತಿದ್ದದ್ದು ಆ ಸಂದಿಗೇ.

ಇದಕ್ಕೆ ಮದ್ದು ಕೋರ್ ಎಂಬ ಹಂತ. ಒಬ್ಬ ಕಮಾಂಡರ್, ಅವನ ಕೈಕೆಳಗೆ ಕೆಲವು ಖಾಯಂ ಬ್ರಿಗೇಡುಗಳು, ಅವನಿಗೆ ವಹಿಸಿದ ಒಂದು ಪ್ರದೇಶ. ತನ್ನ ಬ್ರಿಗೇಡ್ ನಾಶವಾದರೆ ನಾಳೆಯೂ ಅವನೇ ಅನುಭವಿಸಬೇಕು, ಹಾಗಾಗಿ ಸ್ವಲ್ಪ ಯೋಚಿಸಿ ಖರ್ಚು ಮಾಡುತ್ತಾನೆ. ಇದು ಹೊಸದಾಗಿ ಕಂಡುಹಿಡಿದದ್ದೇನಲ್ಲ, ಬಹುತೇಕ ದೊಡ್ಡ ಸೇನೆಗಳಲ್ಲಿ ಇರುವುದೇ. ಉಕ್ರೇನ್ ಇದನ್ನು 2025ರ ಫೆಬ್ರವರಿಯಲ್ಲಷ್ಟೇ ಘೋಷಿಸಿತು, ಪೂರ್ಣ ಯುದ್ಧ ಶುರುವಾಗಿ ಮೂರು ವರ್ಷವಾದ ಮೇಲೆ.

ಯಾಕಿಷ್ಟು ತಡ? ಬರೀ ಹಠ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಇದೇ ನೆಲದಲ್ಲಿ ನಡೆದ ಹಿಂದಿನ ಯುದ್ಧವನ್ನು ನೆನಪಿಸಿಕೊಳ್ಳಿ. 1941ರ ಜುಲೈನಲ್ಲಿ ಜರ್ಮನ್ನರ ಹೊಡೆತಕ್ಕೆ ಸಿಕ್ಕ ಕೆಂಪು ಸೇನೆ ತನ್ನಲ್ಲಿದ್ದ ಕೋರ್ ಹಂತವನ್ನೇ ತೆಗೆದುಹಾಕುವ ಆದೇಶ ಹೊರಡಿಸಿತು. ಕಾರಣ, ಅಷ್ಟು ಕಚೇರಿಗಳನ್ನು ನಡೆಸಲು ಪಳಗಿದ ಅಧಿಕಾರಿಗಳೇ ಇರಲಿಲ್ಲ. ಯುದ್ಧದಲ್ಲೇ ಅಧಿಕಾರಿಗಳು ತಯಾರಾದ ಮೇಲೆ, 1942–43ರಲ್ಲಿ ಕೋರ್‌ಗಳು ಒಂದೊಂದಾಗಿ ವಾಪಸ್ ಬಂದವು. ಉಕ್ರೇನಿನದ್ದೂ ಅದೇ ಕೊರತೆ. ಒಂದು ಕೋರ್ ಅಂದರೆ ನಕ್ಷೆ ಓದಿ, ಫಿರಂಗಿ, ಸಾಗಣೆ, ಗುಪ್ತಮಾಹಿತಿ, ಡ್ರೋನ್ ಎಲ್ಲವನ್ನೂ ಜೋಡಿಸಬಲ್ಲ ದೊಡ್ಡ ಅಧಿಕಾರಿ ತಂಡ. ಅಂಥ ತಂಡ ಚಂದಾ ಎತ್ತಿದರೆ ಸಿಗುವುದಿಲ್ಲ, ವರ್ಕ್‌ಶಾಪಿನಲ್ಲಿ ಬೆಸೆಯಲೂ ಆಗುವುದಿಲ್ಲ. ಹಾಗೆಂದು ಹಠ ಇರಲೇ ಇಲ್ಲ ಎನ್ನುವಂತೆಯೂ ಇಲ್ಲ. ಕೋರ್ ಬಂದರೆ ಹಳೆಯ ಕಮಾಂಡ್‌ಗಳ ಜನರಲ್‌ಗಳಿಗೆ ಕುರ್ಚಿ ಹೋಗುತ್ತದೆ. ಮುಂಚೂಣಿಯಿಂದ ಎದ್ದು ಬಂದ, ಮೇಲಿನವರಿಗೆ ಇಲ್ಲ ಎನ್ನಬಲ್ಲ ಹೊಸ ಮಂದಿಗೆ ಅಧಿಕಾರ ಹೋಗುತ್ತದೆ.

ಹೋಗಿದ್ದೂ ಅಂಥವರಿಗೇ. 3ನೇ ಆಕ್ರಮಣ ಬ್ರಿಗೇಡನ್ನು ಕಟ್ಟಿದ ಆಂದ್ರಿ ಬಿಲೆಟ್ಸ್ಕಿ 3ನೇ ಕೋರ್ ಕಮಾಂಡರ್ ಆದರು. ಮಾರಿಯುಪೋಲ್ ಉಕ್ಕಿನ ಕಾರ್ಖಾನೆಯಲ್ಲಿ ಮುತ್ತಿಗೆ ಎದುರಿಸಿದ್ದ ಡೆನಿಸ್ ಪ್ರೊಕೊಪೆಂಕೊ ಕೈಗೆ ನ್ಯಾಷನಲ್ ಗಾರ್ಡಿನ 1ನೇ ಅಜೋವ್ ಕೋರ್ ಬಂತು. ರೋಬೋಟ್ ದಾಳಿಯ ಖಾರ್ತಿಯಾ ಕೂಡ 2ನೇ ಕೋರ್ ಆಗಿ ಬೆಳೆಯಿತು. 2025ರ ಆಗಸ್ಟಿನಲ್ಲಿ ದೊಬ್ರೊಪಿಲ್ಯಾ ಕಡೆ ರಷ್ಯನ್ ಗುಂಪುಗಳು ಮುಂಚೂಣಿಯ ಸಂದಿನಲ್ಲಿ ನುಸುಳಿ ಹತ್ತು ಕಿಲೋಮೀಟರಿಗೂ ಹೆಚ್ಚು ಒಳಬಂದಾಗ, ಅಜೋವ್ ಕೋರನ್ನು ಅಲ್ಲಿಗೆ ಇಳಿಸಿದರು. ಒಳಬಂದವರ ಹಿಂದಿನ ದಾರಿ ಕತ್ತರಿಸಿ, ಆ ಚಾಚನ್ನು ತುಂಡು ಮಾಡಿದರು. ಒಂದು ವರ್ಷದ ಹಿಂದೆ ಇಂಥ ಜಾಗಕ್ಕೆ ನಾಲ್ಕಾರು ಕಡೆಯಿಂದ ಬಿಡಿ ಬೆಟಾಲಿಯನ್ ಹೆಕ್ಕಿ ತರುತ್ತಿದ್ದರು. ಆದರೆ ಕಥೆ ಇಷ್ಟೇ ಚೆಂದ ಇಲ್ಲ. ಘೋಷಿಸಿದ ಸುಮಾರು 18 ಕೋರ್‌ಗಳಲ್ಲಿ ಹಲವಕ್ಕೆ ತಮ್ಮ ಬ್ರಿಗೇಡುಗಳು ಒಂದೇ ಜಾಗದಲ್ಲಿ ಸಿಕ್ಕಿರಲಿಲ್ಲ. ಮುಂಚೂಣಿಯಲ್ಲಿ ಸಿಕ್ಕಿಕೊಂಡ ಬ್ರಿಗೇಡನ್ನು ಎಬ್ಬಿಸಿ ತರಬೇಕೆಂದರೆ ಆ ಕಂದಕದಲ್ಲಿ ಬೇರೆ ಯಾರನ್ನೋ ಕೂರಿಸಬೇಕು. ಆ ಬೇರೆಯವರು ಇಲ್ಲ. ಜೊತೆಗೆ ಸಿರ್ಸ್ಕಿ ಪ್ರತ್ಯೇಕ ಆಕ್ರಮಣ ಪಡೆಗಳನ್ನು ಬೆಳೆಸುತ್ತಾ ಬೆಂಕಿ ಬಿದ್ದಲ್ಲೆಲ್ಲ ಅವನ್ನು ಓಡಿಸುತ್ತಿದ್ದಾರೆ. ಕೋರ್ ಎಂದು ಹೆಸರಿಟ್ಟು ಹಳೆಯ ಚಾಳಿ ಮುಂದುವರಿದರೆ ಬೋರ್ಡ್ ಬದಲಾಯಿಸಿದಂತಷ್ಟೇ.

ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವುದು ಈ ಸೇನೆಯಲ್ಲಿ ಇನ್ನೂ ಕಷ್ಟ. 2025ರ ಮೇ ತಿಂಗಳಲ್ಲಿ 47ನೇ ಬ್ರಿಗೇಡಿನ ಒಬ್ಬ ಬೆಟಾಲಿಯನ್ ಕಮಾಂಡರ್ ರಷ್ಯಾದ ಕುರ್ಸ್ಕ್ ಕಡೆಯ ದಡ್ಡ ಆದೇಶಗಳಿಗೆ ಬೇಸತ್ತು, ರಾಜೀನಾಮೆ ಕೇಳಿದ್ದೇನೆ ಎಂದು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಒಳಗೆ ಹೇಳಿದ್ದು ಕೇಳಿಸಿದ್ದರೆ ಹೊರಗೆ ಕೂಗುವ ಅಗತ್ಯ ಬರುತ್ತಿತ್ತೇ? ಮರುತಿಂಗಳು ತರಬೇತಿ ಮೈದಾನದ ಮೇಲೆ ಕ್ಷಿಪಣಿ ಬಿದ್ದು 12 ಸೈನಿಕರು ಸತ್ತಾಗ ಭೂಸೇನೆ ಮುಖ್ಯಸ್ಥ ದ್ರಪಾಟಿ ತಾನೇ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದು ಅಪರೂಪದ ಘಟನೆ.

ಎಲ್ಲಕ್ಕಿಂತ ನಿಧಾನವಾಗಿ ಬದಲಾಗುತ್ತಿರುವುದು ಸೈನಿಕನನ್ನು ನಡೆಸಿಕೊಳ್ಳುವ ರೀತಿ. ಇಲ್ಲಿ ನನಗೆ ತುಂಬ ಹಿಡಿಸಿದ ಸುಧಾರಣೆ ಒಂದು ಮೊಬೈಲ್ ಆ್ಯಪ್. ಸೋವಿಯತ್ ಕಾಲದಿಂದ ಬಂದ ಪದ್ಧತಿಯಲ್ಲಿ ಸೈನಿಕನಿಗೆ ರಜೆ ಬೇಕಿರಲಿ, ವರ್ಗಾವಣೆ ಬೇಕಿರಲಿ, ಕಾಗದದಲ್ಲಿ ಅರ್ಜಿ ಬರೆದು ತನ್ನ ಕಮಾಂಡರ್ ಕೈಗೆ ಕೊಡಬೇಕು. ಅವನು ಸಹಿ ಹಾಕಿದರೆ ಮೇಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮೇಜಿನ ಖಾನೆಯಲ್ಲೇ ಕೊಳೆಯುತ್ತದೆ. ಕೇಳಿದರೆ ಯಾವ ಅರ್ಜಿ ಅಂದರೂ ಆಯಿತು. 2024ರ ಆಗಸ್ಟಿನಲ್ಲಿ ಬಂದ ಆರ್ಮಿ+ ಆ್ಯಪ್ ಅರ್ಜಿಗೆ ದಾಖಲೆ ಕೊಟ್ಟಿತು. ನವೆಂಬರಿನಿಂದ ಬೇರೆ ತುಕಡಿಗೆ ವರ್ಗಾವಣೆಯನ್ನೂ ಅದರಲ್ಲೇ ಕೇಳಬಹುದಾಯಿತು. ಕೆಟ್ಟ ಕಮಾಂಡರ್ ಕೈಯಿಂದ ತಪ್ಪಿಸಿಕೊಳ್ಳಲು ಓಡಿಹೋಗುವುದು ಬಿಟ್ಟು ಇನ್ನೊಂದು ದಾರಿ ತೆರೆದಂತಾಯಿತು. ಅದೇ ಹೊತ್ತಿಗೆ ಮೊದಲ ಸಲ ಓಡಿಹೋದವರು ತಾವಾಗಿ ವಾಪಸ್ ಬಂದರೆ ಜೈಲಿಲ್ಲದೆ ಸೇರಿಸಿಕೊಳ್ಳುವ ಕಾನೂನೂ ಬಂತು. ಹೊಸಬರ ಮೂಲ ತರಬೇತಿಯನ್ನು ಒಂದು ತಿಂಗಳಿನಿಂದ ಒಂದೂವರೆ ತಿಂಗಳಿಗೆ ಏರಿಸಿದರು.

ಸಾಕಾಯಿತೇ? ಇಲ್ಲ. 2026ರ ಜನವರಿಯಲ್ಲಿ ರಕ್ಷಣಾ ಸಚಿವರಾದ ಮಿಖೈಲೊ ಫೆದೊರೊವ್ ಸಂಸತ್ತಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ ರಜೆ ಇಲ್ಲದೆ ತುಕಡಿ ಬಿಟ್ಟು ಹೋದವರು ಸುಮಾರು 2 ಲಕ್ಷ, ಸೇನಾ ಭರ್ತಿಯಿಂದ ತಪ್ಪಿಸಿಕೊಂಡವರು ಸುಮಾರು 20 ಲಕ್ಷ. ಡ್ರೋನ್ ಯೋಜನೆಗಳನ್ನು ಬೆಳೆಸಿದ್ದ ಡಿಜಿಟಲ್ ಸಚಿವರೂ ಇವರೇ. ಅಂಥವರು ರಕ್ಷಣಾ ಖಾತೆಗೆ ಬಂದು ಮೊದಲು ಮಾತಾಡಿದ್ದು ಜನರ ಲೆಕ್ಕ. ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದ್ದು 2024ರಲ್ಲಿ. 18ರಿಂದ 24ರ ಹುಡುಗರಿಗೆ ಒಂದು ವರ್ಷದ ಒಪ್ಪಂದಕ್ಕೆ 10 ಲಕ್ಷ ಹ್ರಿವ್ನಿಯಾ (ಉಕ್ರೇನಿನ ಹಣ) ಕೊಡುತ್ತೇವೆಂದು 2025ರಲ್ಲಿ ಹೇಳಿದರು. ಮೊದಲ ಎರಡು ತಿಂಗಳಲ್ಲಿ ಸಹಿ ಹಾಕಿದವರು ನೂರುಗಳ ಲೆಕ್ಕದಲ್ಲೇ ಉಳಿದರು. ಆದರೆ ಸ್ವಂತ ಜಾಹೀರಾತು ಹಾಕಿ, ಒಳ್ಳೆ ತರಬೇತಿ ಕೊಟ್ಟು, ಕಮಾಂಡರ್ ಯಾರೆಂದು ಮೊದಲೇ ತೋರಿಸುವ ಕೆಲವು ಬ್ರಿಗೇಡುಗಳಿಗೆ ಜನ ಸ್ವಂತ ಇಷ್ಟದಿಂದ ಬರುತ್ತಾರೆ. ಜನ ಹೆದರುತ್ತಿರುವುದು ರಷ್ಯನ್ನರಿಗೆ ಮಾತ್ರ ಅಲ್ಲ, ತಮ್ಮನ್ನು ಯಾರ ಕೈಗೆ ಕೊಡುತ್ತಾರೋ ಎಂಬುದಕ್ಕೂ.

ಎದುರಿನವರೂ ಸುಮ್ನೆ ಕೂತಿಲ್ಲ. ರಷ್ಯಾ ಕಲಿಯುವ ರೀತಿ ಇದಕ್ಕೆ ತದ್ವಿರುದ್ಧ. ತಪ್ಪನ್ನು ಒಪ್ಪಿಕೊಳ್ಳಲು ತಡ ಮಾಡುತ್ತದೆ, ಒಪ್ಪಿದ ಮೇಲೆ ಎಲ್ಲ ಕಡೆ ಒಂದೇ ಸಲ ಹರಡುತ್ತದೆ. 2022ರಲ್ಲಿ ಕೀವ್‌ನಿಂದ, ಖಾರ್ಕಿವ್‌ನಿಂದ ಓಡಿದ ಸೇನೆ ಅದು. ಬಾಖ್ಮುತ್‌ನಲ್ಲಿ ತನ್ನ 20,000 ಜನ ಸತ್ತರೆಂದು ರಷ್ಯಾ ಪರ ಕಾದಾಡಿದ ವ್ಯಾಗ್ನರ್ ಖಾಸಗಿ ಪಡೆಯ ಮುಖ್ಯಸ್ಥ ಪ್ರಿಗೊಜಿನ್ನೇ ಹೇಳಿಕೊಂಡಿದ್ದ. ಆದರೆ ಹಳೆಯ ಸೋವಿಯತ್ ಬಾಂಬುಗಳಿಗೆ ರೆಕ್ಕೆ ಕಿಟ್ ಕಟ್ಟಿ ದೂರದಿಂದ ಬಿಡುವ ಉಪಾಯ ಹೊಳೆದ ಮೇಲೆ ಅದನ್ನು ಸಾವಿರಗಟ್ಟಲೆ ಮಾಡಿತು. ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತಾ ಹಾರುವ, ಜಾಮಿಂಗ್ ತಾಗದ ಡ್ರೋನನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಂದದ್ದೂ ರಷ್ಯಾವೇ. 2024ರಲ್ಲಿ ಕಟ್ಟಿದ ರುಬಿಕಾನ್ ಎಂಬ ಡ್ರೋನ್ ಕೇಂದ್ರ ಕಂದಕದ ಸೈನಿಕನನ್ನು ಬಿಟ್ಟು ಹಿಂದಿನ ರಸ್ತೆಗಳನ್ನೂ ಉಕ್ರೇನಿನ ಡ್ರೋನ್ ಪೈಲಟ್‌ಗಳನ್ನೂ ಬೇಟೆಯಾಡತೊಡಗಿತು. ಒಳ್ಳೆಯ ಬ್ರಿಗೇಡಿನಲ್ಲಿ ಇರುವ ಜಾಣತನವನ್ನು ಕೆಟ್ಟ ಬ್ರಿಗೇಡಿಗೂ ಮುಟ್ಟಿಸುವುದು ಉಕ್ರೇನಿಗೆ ಕಷ್ಟವಾಗಿರುವಾಗ ರಷ್ಯಾ ಇದನ್ನು ಆದೇಶದಿಂದ ಮಾಡಿಸುತ್ತಿದೆ. ಜನರ ಕೊರತೆಗೂ ಅದರ ಉತ್ತರ ನೇರ: ದುಡ್ಡು. 2024ರ ಜುಲೈನಲ್ಲಿ ಮಾಸ್ಕೋ ನಗರ ಸೇನೆಗೆ ಸೇರುವವರಿಗೆ ಸಹಿ ಹಾಕಿದ್ದಕ್ಕೇ 19 ಲಕ್ಷ ರೂಬಲ್ ಘೋಷಿಸಿತು. ಅವರನ್ನು ಹೇಗೆ ಬಳಸುತ್ತಾರೆ ಎಂಬುದರಲ್ಲಿ ಮಾತ್ರ ಆ ಸೇನೆ ಹೆಚ್ಚೇನೂ ಬದಲಾಗಿಲ್ಲ.

ಹಾಗಾಗಿ ಮುಂದಿನ ತಿಂಗಳುಗಳಲ್ಲಿ ಉಕ್ರೇನ್ ಹೊಸ ಡ್ರೋನ್ ತೋರಿಸಿದರೆ ನಾನು ಅದಕ್ಕೆ ಜಾಸ್ತಿ ಮಹತ್ವ ಕೊಡುವುದಿಲ್ಲ. ಅದು ಬಂದೇ ಬರುತ್ತದೆ. ನೋಡಬೇಕಾದದ್ದು ಸೇವಾ ಅವಧಿ. 36 ತಿಂಗಳು ಸೇವೆ ಮಾಡಿದವರಿಗೆ ಬಿಡುಗಡೆ ಕೊಡುವ ಅಂಶ 2024ರ ಭರ್ತಿ ಕಾನೂನಿನ ಕರಡಿನಲ್ಲಿತ್ತು, ಕೊನೆಗಳಿಗೆಯಲ್ಲಿ ಕಿತ್ತುಹಾಕಿದರು. ಅವರ ಜಾಗಕ್ಕೆ ಜನ ಇಲ್ಲ ಎಂಬುದು ಸೇನೆಯ ವಾದ, ಅದು ಸುಳ್ಳೂ ಅಲ್ಲ. ಆದರೆ ಒಳಹೋದರೆ ಹೊರಬರುವ ದಿನವೇ ಇಲ್ಲ ಎಂಬ ಕಾರಣಕ್ಕೇ ಹೊಸಬರು ಬರುತ್ತಿಲ್ಲ. 2022ರ ಫೆಬ್ರವರಿಯಲ್ಲಿ ತಾನಾಗಿ ಸೇರಿದ ಕಾಲಾಳುವಿಗೆ ಬಿಡುಗಡೆಯ ತಾರೀಕು ಬರೆದುಕೊಡಲು ಕೀವ್ ಒಪ್ಪುತ್ತದೆಯೇ, ಯಾವಾಗ ಒಪ್ಪುತ್ತದೆ ಎಂಬುದರ ಮೇಲೆ ಆ 20 ಲಕ್ಷ ಜನರಲ್ಲಿ ಎಷ್ಟು ಜನ ಮನಸ್ಸು ಬದಲಾಯಿಸುತ್ತಾರೆ ಎಂಬುದು ನಿಂತಿದೆ.